ಸೆಸ್ನಾ ವಿಮಾನದ ಸೀಟು ಹೊಲಿಯೋಕೆ ಬಂದಿದೆ, ಒಪ್ಕೊಳ್ಳಲಾ ಬೇಡ್ವಾ?

ಕುಷನ್ ಅಂಗಡಿ ಚಿಕ್ಕಬಳ್ಳಾಪುರ

ಎಲ್ರಿಗೂ ನಮಸ್ಕಾರ. ಬಿಬಿ ರೋಡಲ್ಲಿ ನಮ್ದೊಂದು ಕುಷನ್ ಅಂಗಡಿ, ಇಪ್ಪತ್ತೆರಡು ವರ್ಷ ಆಯ್ತು, ಕಾರು ಟ್ರ್ಯಾಕ್ಟರು ಬೈಕು ಛತ್ರದ ಸೋಫಾ ಎಲ್ಲಾ ಮಾಡಿದೀನಿ, ಒಂದ್ಸಲ ಹಲ್ಲಿನ ಡಾಕ್ಟ್ರ ಕುರ್ಚಿನೂ ಮಾಡಿದೀನಿ. ಮೊನ್ನೆ ಭಾನುವಾರ ಒಬ್ರು ಸಾರ್ ಇನ್ನೋವಾ ಡಿಕ್ಕಿಯಿಂದ ಎರಡು ಸೀಟು ಇಳಿಸಿದ್ರು, ನೋಡಿದ್ರೆ ಯಾವ ಕಾರಿಂದೂ ಅಲ್ಲ. ಕೇಳಿದ್ಮೇಲೆ ಹೇಳಿದ್ರು, ಸೆಸ್ನಾ 172 ಎನ್ ಅಂತೆ, ನಾಲ್ಕು ಸೀಟಿನ ಸಣ್ಣ ವಿಮಾನ, 1979ರದ್ದು, ಬೆಂಗಳೂರಿನ ಜಕ್ಕೂರು ಏರ್‌ಫೀಲ್ಡಲ್ಲಿ ನಿಂತಿದೆಯಂತೆ.

ಸೀಟು ಬಟ್ಟೆ ಬಿಸ್ಲಿಗೆ ಬೂದಿ ಬಣ್ಣಕ್ಕೆ ತಿರುಗಿದೆ, ಒಳಗಿನ ಫೋಮು ಮುಟ್ಟಿದ್ರೆ ಹುರಿಗಡ್ಲೆ ಹಿಟ್ಟು ಉದುರ್ದಂಗೆ ಉದುರುತ್ತೆ. ಕೆಳಗೆ ಸಣ್ಣ ಸಣ್ಣ ರೋಲರ್ರು, ಒಂದು ಪಿನ್ನು, ಸ್ಪ್ರಿಂಗು. ಅವ್ರಿಗೆ ಬೇಕಾಗಿರೋದು ಕೆಂಪು-ಕಪ್ಪು ಲೆದರ್, ಡೈಮಂಡ್ ಸ್ಟಿಚ್ಚು, ಮತ್ತೆ ಬೆನ್ನು ನೋವಂತೆ ಅದಕ್ಕೆ ಎರಡಿಂಚು ಫೋಮ್ ಜಾಸ್ತಿ. ಹೊಲಿಗೆ ನಂಗೆ ಎರಡು ದಿನದ ಕೆಲಸ. ಆದ್ರೆ ಯಾಕೋ ಕತ್ತರಿ ಇಕ್ಕೋಕೆ ಕೈ ಬರ್ತಿಲ್ಲ. ಇದಕ್ಕೇನಾದ್ರೂ ರೂಲ್ಸು ಇದೆಯಾ? ಗೊತ್ತಿರೋರು ಹೇಳ್ರಪ್ಪಾ.

ಮಾಲೂರು ಹೆಂಚು

ಅಣ್ಣಾ ಒಪ್ಕೊಂಬಿಡು, ಬೋರ್ಡಲ್ಲಿ "ಇಲ್ಲಿ ವಿಮಾನದ ಸೀಟು ಹೊಲಿದು ಕೊಡಲಾಗುವುದು" ಅಂತ ಬರೆಸು, ಕೋಲಾರದವರೆಗೂ ಹೆಸ್ರಾಗುತ್ತೆ 😄

ಜಕ್ಕೂರು ಹಕ್ಕಿ

ತಮಾಷೆ ಪಕ್ಕಕ್ಕಿಡಿ. ನಾನು ಪ್ರೈವೇಟ್ ಪೈಲಟ್, 172ರಲ್ಲೇ ಕಲ್ತಿದ್ದು. ಅಣ್ಣಾ ಮೊದ್ಲು ಆ ಪಿನ್ನಿಗೆ ಸ್ಪ್ರಿಂಗಿಗೆ ಕೈ ಹಾಕ್ಬೇಡಿ, ಸೀಟಿನ ಮೇಲಿನ ಭಾಗ ಬಿಟ್ಟು ಬೇರೆ ಏನೂ ಬಿಚ್ಚಬೇಡಿ. ಸೆಸ್ನಾ ಸೀಟು ನೆಲದ ಹಳಿ ಮೇಲೆ ಮುಂದೆ ಹಿಂದೆ ಜಾರುತ್ತೆ, ಆ ಪಿನ್ನು ಹಳೀಲಿರೋ ತೂತಿಗೆ ಕೂತ್ಕೊಂಡ್ರೆ ಲಾಕು. ತೂತು ಸವೆದೋ ಪಿನ್ನು ಸರಿಯಾಗಿ ಕೂರ್ದೇನೋ ಇದ್ರೆ ಟೇಕಾಫ್ ಹೊತ್ತಲ್ಲಿ ಮೂತಿ ಮೇಲೆ ಎತ್ತಿದ ತಕ್ಷಣ ಸೀಟು ಸರ್ರಂತ ಹಿಂದಕ್ಕೆ ಹೋಗುತ್ತೆ, ಪೈಲಟ್ ಬೀಳೋನು ಏನ್ ಹಿಡ್ಕೋತಾನೆ ಹೇಳಿ, ಕೈಲಿರೋ ಸ್ಟೇರಿಂಗೇ. ಅದನ್ನ ಎಳೆದ್ರೆ ಮೂತಿ ಇನ್ನೂ ಮೇಲಕ್ಕೆ, ಕಾಲು ಪೆಡಲ್‌ಗೆ ಎಟುಕಲ್ಲ, ವಿಮಾನ ಸ್ಟಾಲ್ ಆಗಿ, ಅಂದ್ರೆ ರೆಕ್ಕೆಗೆ ಎತ್ತೋ ಶಕ್ತಿ ಹೋಗಿ, ಬೀಳುತ್ತೆ. ಹಿಂಗೇ ಜನ ಸತ್ತಿದಾರೆ. ಅದಕ್ಕೇ ಅಮೆರಿಕದ ವಿಮಾನಯಾನ ಇಲಾಖೆ ಎಫ್ಎಎ 1987ರಲ್ಲೇ ಹಳಿ ಚೆಕ್ ಮಾಡ್ಬೇಕು ಅಂತ ಆದೇಶ ಹಾಕ್ತು, ಈಗಿರೋದು 2011-10-09 ನಂಬರಿಂದು, 100 ಗಂಟೆ ಹಾರಾಟ ಇಲ್ಲಾ 12 ತಿಂಗಳು, ಯಾವುದು ಮೊದ್ಲು ಬರುತ್ತೋ ಆಗ ಹಳಿ, ರೋಲರ್ರು, ಪಿನ್ನು ಎಲ್ಲಾ ನೋಡ್ಲೇಬೇಕು.

ಇನ್ನು ಎರಡಿಂಚು ಫೋಮು. ಎರಡಿಂಚು ಮೇಲೆ ಕೂತ್ರೆ ಕಣ್ಣಿಗೆ ರನ್‌ವೇ ಕಾಣೋ ಲೆಕ್ಕ ಬದಲಾಗುತ್ತೆ, ಇಳಿಸೋವಾಗ ಕೈ ತಪ್ಪುತ್ತೆ. ತೊಡೆ ಸ್ಟೇರಿಂಗಿಗೆ ತಾಗುತ್ತೆ. ಅವ್ರಿಗೆ ಹೇಳಿ.

ಕುಷನ್ ಅಂಗಡಿ ಚಿಕ್ಕಬಳ್ಳಾಪುರ

ಅಯ್ಯಪ್ಪಾ. ಪಿನ್ನಿಗೆ ಆಯಿಲ್ ಬಿಡೋಣ ಅಂತಿದ್ದೆ, ತುಂಬಾ ಬಿಗಿ ಇತ್ತು. ಬಿಟ್ಟಿಲ್ಲ ಬಿಡಿ.

ಹಳೇ ಎಎಂಇ

ನಾನು ರಿಟೈರ್ಡ್ ಏರ್‌ಕ್ರಾಫ್ಟ್ ಮೇಂಟೆನೆನ್ಸ್ ಎಂಜಿನಿಯರ್, ಊರು ತುಮಕೂರು, ಎಚ್ಎಎಲ್‌ನ ಹಳೇ ಪುಷ್ಪಕ್ ವಿಮಾನದ ಕಾಲದಿಂದ ಸಣ್ಣ ವಿಮಾನದಲ್ಲೇ ಕೈ ಮಸಿ ಮಾಡ್ಕೊಂಡೋನು. ಸ್ವಲ್ಪ ಉದ್ದ ಬರೀತೀನಿ, ಓದೋ ಹಂಗಿದ್ರೆ ಓದಿ.

ಮೊದ್ಲು ಯಾರು ಮಾಡ್ಬೋದು ಅನ್ನೋದು. ಅಮೆರಿಕದಲ್ಲಿ ರಿಜಿಸ್ಟರ್ ಆದ ವಿಮಾನ ಆದ್ರೆ ಪೈಲಟ್ ಲೈಸೆನ್ಸ್ ಇರೋ ಓನರೇ ಸೀಟು ಬಟ್ಟೆ ರಿಪೇರಿ ಮಾಡ್ಕೊಂಡು ಲಾಗ್‌ಬುಕ್ಕಲ್ಲಿ ಬರ್ಕೋಬೋದು, ಮುಖ್ಯ ಸ್ಟ್ರಕ್ಚರ್ ಬಿಚ್ಚಬಾರ್ದು ಅಷ್ಟೇ. ಯೂಟ್ಯೂಬಲ್ಲಿ ನೋಡಿ ಜನ ಇಲ್ಲೂ ಹಂಗೇ ಅನ್ಕೋತಾರೆ. ನಮ್ಮ ವಿಟಿ ರಿಜಿಸ್ಟ್ರೇಷನ್, ಅಂದ್ರೆ ಭಾರತದಲ್ಲಿ ರಿಜಿಸ್ಟರ್ ಆದ ವಿಮಾನಕ್ಕೆ ನಮ್ಮ ವಿಮಾನಯಾನ ಇಲಾಖೆ ಡಿಜಿಸಿಎ ರೂಲ್ಸು. ಮೇಂಟೆನೆನ್ಸ್ ಕಂಪನಿಯ ಲೈಸೆನ್ಸ್ ಇರೋ ಎಂಜಿನಿಯರ್ ನೋಡಿ, ರಿಲೀಸ್ ಸರ್ಟಿಫಿಕೇಟ್ ಸೈನ್ ಮಾಡಿದ್ರೇನೇ ಅದು ಹಾರೋದು. ಹಂಗಂತ ನೀವು ಹೊಲಿಯಂಗಿಲ್ಲ ಅಂತಲ್ಲ, ಆ ಕಂಪನಿಯವ್ರು ತಮ್ಮ ಕ್ವಾಲಿಟಿ ಕಂಟ್ರೋಲ್ ಕೆಳಗೆ ನಿಮ್ಮ ಕೈಲಿ ಮಾಡಿಸ್ಬೋದು, ಜವಾಬ್ದಾರಿ ಅವ್ರದ್ದು. ಓನರ್ ನೇರ ನಿಮ್ಮ ಅಂಗಡಿಗೆ ಸೀಟು ತಂದಿದ್ದೇ ತಪ್ಪು. ಬಿಚ್ಚಿದ್ದು ಯಾರು ಅಂತಲೂ ಕೇಳಿ, ಅದನ್ನೂ ಎಲ್ಲಾದ್ರೂ ಬರ್ದಿರಬೇಕು.

ಎರಡನೇದು ಬೆಂಕಿ. ವಿಮಾನದಲ್ಲಿ ಬೆಂಕಿ ಬಿದ್ರೆ ಪಕ್ಕಕ್ಕೆ ನಿಲ್ಲಿಸಿ ಇಳಿಯೋಕೆ ಆಗಲ್ಲ. ಸಾಮಾನ್ಯ ಸೋಫಾ ಫೋಮು ಪಾಲಿಯೂರಿಥೇನು, ಹತ್ತಿದ್ರೆ ಕರೀ ಹೊಗೆ, ಅದರೊಳಗೆ ಕಾರ್ಬನ್ ಮಾನಾಕ್ಸೈಡ್, ಹೈಡ್ರೋಜನ್ ಸಯನೈಡ್. ಸುಟ್ಟು ಸಾಯೋಕ್ಕಿಂತ ಮುಂಚೆ ಉಸಿರು ಕಟ್ಟುತ್ತೆ. ಏರ್ ಕೆನಡಾದ ಡಿಸಿ-9 ಒಂದು 1983ರ ಜೂನ್ 2ಕ್ಕೆ ಹಾರ್ತಿರೋವಾಗ್ಲೇ ಬೆಂಕಿ ಹತ್ತಿ ಸಿನ್ಸಿನಾಟಿಲಿ ಇಳೀತು, ಇಳಿದಿದ್ದು ಚೆನ್ನಾಗೇ ಇಳೀತು, ಆದ್ರೂ 46 ಜನರಲ್ಲಿ 23 ಜನ ಒಳಗೇ ಸತ್ರು. ಮುಂದಿನ ವರ್ಷ 1984ರಲ್ಲಿ ದೊಡ್ಡ ವಿಮಾನದ ಸೀಟ್ ಕುಷನ್ನಿಗೆ ಬೆಂಕಿ ತಡೆಯೋ ರೂಲ್ಸು ಬಿಗಿ ಆಯ್ತು. ನಿಮ್ಮ ಸೆಸ್ನಾಕ್ಕೆ ಅಷ್ಟು ಬಿಗಿ ಇಲ್ಲ, ಆದ್ರೆ ಬಟ್ಟೆ, ಫೋಮು, ದಾರ, ಅಂಟು ಯಾವುದಕ್ಕೂ ಟೆಸ್ಟ್ ಪಾಸಾದ ಕಾಗದ ಇಲ್ದೆ ಯಾವ ಎಂಜಿನಿಯರ್ರೂ ಸೈನ್ ಹಾಕಲ್ಲ.

ಮೂರನೇದು, ಸೀಟ್ ಬೆಲ್ಟು. ನಿಮ್ಮ ಮಿಷಿನ್ನಲ್ಲಿ ಬೆಲ್ಟಿಗೆ ಒಂದು ಹೊಲಿಗೆನೂ ಹಾಕ್ಬೇಡಿ, ಓನರ್ ಕಾಲಿಗೆ ಬಿದ್ರೂ. ಅದು ಬದ್ಲಾಯಿಸೋ ವಸ್ತು, ಹೊಲಿಯೋ ವಸ್ತು ಅಲ್ಲ.

ಕುಷನ್ ಅಂಗಡಿ ಚಿಕ್ಕಬಳ್ಳಾಪುರ

ಸಾರ್ ಬಹಳ ಉಪಕಾರ. ಒಂದು ಮಾತು, ಬೇಜಾರಿಗಲ್ಲ. ನಮ್ಮಪ್ಪ ಜಟಕಾ ಗಾಡಿ ಗಾದಿ ಹೊಲಿತಿದ್ದೋರು, ನಾನು ಹನ್ನೆರಡನೇ ವಯಸ್ಸಿಗೆ ಸೂಜಿ ಹಿಡಿದೋನು, ನಾನು ಹಾಕಿದ ಹೊಲಿಗೆ ಬಿಟ್ಟಿದ್ದು ನಾನಂತೂ ನೋಡಿಲ್ಲ. ಈಗ ಕಾಗದ ಇಲ್ಲ ಅಂದ್ರೆ ಆ ಕೆಲಸಕ್ಕೆ ಬೆಲೆನೇ ಇಲ್ಲ ಅಂದಂಗಾಯ್ತಲ್ಲ. ರಾತ್ರಿ ನಿದ್ದೆ ಬರ್ಲಿಲ್ಲ ನೋಡಿ.

ಟೈಲರಕ್ಕ ಗೌರಿಬಿದನೂರು

ಬೇಜಾರ್ ಮಾಡ್ಕೋಬೇಡಿ ಅಣ್ಣ. ನಾನು ಗಾರ್ಮೆಂಟ್ಸಲ್ಲಿ ಕ್ವಾಲಿಟಿ ಚೆಕ್ಕಿಂಗಲ್ಲಿ ಇದ್ದೆ, ಅಲ್ಲಿ ಮಗು ಅಂಗಿ ಗುಂಡಿಗೂ ಕಾಗದ ಕೇಳ್ತಿದ್ರು, ಗುಂಡಿ ಹಾಕೋ ಹುಡ್ಗಿ ಕೈ ಕೆಟ್ಟದು ಅಂತ ಅಲ್ವಲ್ಲ.

ಕೆಲಸದ ವಿಷ್ಯ ಹೇಳ್ತೀನಿ. ಹಳೇ ಕವರ್ ಹರಿಬೇಡಿ, ಹೊಲಿಗೆ ಒಂದೊಂದಾಗಿ ಬಿಚ್ಚಿ, ತುಂಡಿಗೆ ನಂಬರ್ ಹಾಕಿ, ಮಾದರಿ ಅದೇ. ಹಳೇ ಬಟ್ಟೆ ಕೂತು ಕೂತು ಎಳ್ಕೊಂಡಿರುತ್ತೆ, ಹಂಗೇ ಇಟ್ಟು ಕತ್ತರಿಸಿದ್ರೆ ಹೊಸ ಕವರ್ ಸಡಿಲ ಆಗುತ್ತೆ, ಎಡ ಬಲ ಎರಡನ್ನೂ ಮಡಚಿ ಒಂದಕ್ಕೊಂದು ಹಿಡಿದು ನೋಡಿ. ಚರ್ಮ ಆದ್ರೆ ಸಣ್ಣ ಸ್ಟಿಚ್ಚು ಬೇಡ, ಇಂಚಿಗೆ ಆರೋ ಏಳೋ ಸಾಕು, ಅದಕ್ಕಿಂತ ಒತ್ತಾದ್ರೆ ಸ್ಟಾಂಪ್ ಹರಿದಂಗೆ ಹೊಲಿಗೆ ಸಾಲಲ್ಲೇ ಹರಿಯುತ್ತೆ. ಡೈಮಂಡ್ ಸ್ಟಿಚ್ಚು ಅಂದ್ರೆ ನೂರಾರು ತೂತು, ನಂಗಂತೂ ಇಷ್ಟ ಇಲ್ಲ, ಕಸ ಕೂರುತ್ತೆ.

ಚರ್ಮದ ಮಂಡಿ

ನಮ್ಮ ಕೆಜಿಎಫ್ ಕಡೆಯಿಂದ ಆಂಬೂರು ರಾಣಿಪೇಟೆ ದೂರ ಏನಿಲ್ಲ, ಚರ್ಮ ಬೇಕಾದಷ್ಟು ಸಿಗುತ್ತೆ, ಚದರಡಿ ಲೆಕ್ಕ. ಆದ್ರೆ ಶೂ ಚರ್ಮ ಬೇರೆ, ಸೋಫಾ ಚರ್ಮ ಬೇರೆ, ವಿಮಾನದ ಚರ್ಮ ಬೇರೆ. ವಿಮಾನದ್ದಕ್ಕೆ ಹದ ಮಾಡೋವಾಗ್ಲೇ ಬೆಂಕಿ ತಡೆಯೋ ಕೆಮಿಕಲ್ ಹಾಕಿರ್ತಾರೆ, ಬ್ಯಾಚ್ ನಂಬರ್ ಸಮೇತ ಟೆಸ್ಟ್ ರಿಪೋರ್ಟ್ ಕೊಡ್ತಾರೆ. ಒಂದೇ ಕಂಪನಿ ಚರ್ಮ ಆದ್ರೂ ಬ್ಯಾಚ್ ಬದಲಾದ್ರೆ ಹಳೇ ರಿಪೋರ್ಟ್ ಆಗಲ್ಲ. ಮೇಲಿನ ಪೇಂಟ್ ಫಿನಿಶಿಂಗ್ ದಪ್ಪ ಇದ್ರೂ ಉರಿಯೋ ರೀತಿ ಬದಲಾಗುತ್ತೆ. ಯಾರಾದ್ರೂ "ಚರ್ಮ ತಾನೇ, ಉರಿಯಲ್ಲ" ಅಂದ್ರೆ ನಂಬಬೇಡಿ.

ರೂಲ್ಸ್ ರಾಮಾಯಣ

ಎಲ್ರೂ ಸುಮ್ನೆ ಹೆದರಿಸ್ತಿದೀರ. 172 ಎನ್ ಸಿಎಆರ್ 3 ಅನ್ನೋ ಅಮೆರಿಕದ ಸಣ್ಣ ವಿಮಾನದ ಹಳೇ ರೂಲ್ಸಲ್ಲಿ ಪಾಸಾದ ವಿಮಾನ. ಅದರಲ್ಲಿ ಒಳಗಿನ ಬಟ್ಟೆ ಭಗ್ಗಂತ ಹತ್ಕೋಬಾರ್ದು ಅಂತ ಅಷ್ಟೇ ಇರೋದು. 25.853 ಅನ್ನೋ ಬೆಂಕಿ ಟೆಸ್ಟ್ ರೂಲು ಬೋಯಿಂಗ್ ಏರ್‌ಬಸ್‌ಗೆ. ಸಣ್ಣ ವಿಮಾನದೋರು ಯಾಕೆ ಅದರ ಹಿಂದೆ ಬೀಳ್ಬೇಕು, ಸುಮ್ನೆ ಖರ್ಚು.

ಹಳೇ ಎಎಂಇ

ರಾಮಾಯಣದವ್ರು ಹೇಳಿದ್ದು ಪುಸ್ತಕದ ಪ್ರಕಾರ ಸರಿ, ಹಳೇ 172ಗೆ ಕಾನೂನಿನ ಕನಿಷ್ಠ ಅಷ್ಟೇ. ಆದ್ರೆ ಅಂಗಡೀಲಿ ಹೋಗಿ "ಭಗ್ಗಂತ ಹತ್ತದೇ ಇರೋ ಬಟ್ಟೆ ಕೊಡಿ" ಅಂತ ಕೇಳೋಕಾಗುತ್ತಾ? ವಿಮಾನದ ಬಟ್ಟೆ ಮಾರೋರು 25.853 ರಿಪೋರ್ಟ್ ಜೊತೆಗೇ ಮಾರ್ತಾರೆ, ಆ ಕಾಗದ ಇದ್ರೆ ವಾದವೇ ಇಲ್ಲ. ಖರ್ಚಿನ ವ್ಯತ್ಯಾಸ ಒಂದು ವರ್ಷದ ಪಾರ್ಕಿಂಗ್ ಬಾಡಿಗೆ ಮುಂದೆ ಏನೂ ಅಲ್ಲ.

ಟೆಸ್ಟ್ ಏನು ಅಂತ ಕುಷನ್ ಅಣ್ಣನಿಗೆ ಹೇಳ್ತೀನಿ. ಬಟ್ಟೆ ಪಟ್ಟಿ ನೇರ ತೂಗು ಹಾಕಿ ಕೆಳ ತುದಿಗೆ ಬರ್ನರ್ ಬೆಂಕಿ 12 ಸೆಕೆಂಡ್ ಹಿಡೀತಾರೆ. ಬೆಂಕಿ ತೆಗೆದ್ಮೇಲೆ 15 ಸೆಕೆಂಡೊಳಗೆ ಆರಬೇಕು, ಸುಟ್ಟ ಉದ್ದ 8 ಇಂಚು ದಾಟಬಾರ್ದು, ಕೆಳಗೆ ತೊಟ್ಟಿಕ್ಕಿದ್ದು 5 ಸೆಕೆಂಡಿಗಿಂತ ಜಾಸ್ತಿ ಉರೀಬಾರ್ದು. ಕನಿಷ್ಠ ಮೂರು ಪಟ್ಟಿ, ನೇಯ್ದ ಬಟ್ಟೆ ಆದ್ರೆ ಹಾಸು ಬೇರೆ ಹೊಕ್ಕು ಬೇರೆ.

ಕುಷನ್ ಅಂಗಡಿ ಚಿಕ್ಕಬಳ್ಳಾಪುರ

ಸಾರ್ ಬೈಬೇಡಿ, ಕುತೂಹಲಕ್ಕೆ ನಿನ್ನೆ ಸಂಜೆ ಅಂಗಡಿ ಹಿಂದೆ ನಾನೂ ನಮ್ಮ ಹುಡ್ಗನೂ ಮಾಡಿ ನೋಡಿದ್ವಿ. ಬಟ್ಟೆ ಒಣಗಾಕೋ ತಂತಿಗೆ ಒಂದೊಂದಡಿ ಪಟ್ಟಿ ಕ್ಲಿಪ್ ಹಾಕಿ ನೇತಾಕಿ, ಮೊಬೈಲಲ್ಲಿ ಹನ್ನೆರಡು ಸೆಕೆಂಡ್ ಇಟ್ಟು ಲೈಟರ್ ಹಿಡಿದ್ವಿ.

ನಾವು ದಿನಾ ಕಾರಿಗೆ ಹಾಕೋ ರೆಕ್ಸಿನ್ ಇದೆಯಲ್ಲ, ಅದು ಹತ್ತಿದ್ದೇ ತಡ ಮೇಲಕ್ಕೆ ಓಡ್ತು, ಕೆಳಗೆ ಉರಿಯೋ ಹನಿ ಟಪ್ ಟಪ್ ಅಂತ, ಒಂದು ಹುಡ್ಗನ ಚಪ್ಲಿ ಮೇಲೆ ಬಿದ್ದು ತೂತಾಯ್ತು, ಬಿದ್ದಿದ್ದೂ ಉರೀತಾನೇ ಇತ್ತು. ಕಾಟನ್ ಬೆಡ್‌ಶೀಟು ನೋಡ್ತಿದ್ದಂಗೆ ಮಾಯ. ಸೋಫಾ ಫೋಮಿನ ಹೊಗೆ ಒಂದು ಉಸಿರು ಮೂಗಿಗೆ ಹೋಗಿ ರಾತ್ರಿವರೆಗೂ ಕೆಮ್ಮು. ಕೊನೆಗೆ ನಮ್ಮಜ್ಜಿ ಕಾಲದ ಕುರಿ ಕಂಬಳಿ ಚೂರು ನೇತಾಕಿದ್ವಿ. ಬೆಂಕಿ ಹಿಡಿದಷ್ಟು ಹೊತ್ತು ಕರ್ರಗಾಯ್ತು, ಕೂದ್ಲು ಸುಟ್ಟ ವಾಸನೆ, ಲೈಟರ್ ತೆಗೆದ ತಕ್ಷಣ ಆರೋಯ್ತು! ಹುಡ್ಗ ಎರಡ್ಸಲ ಹಚ್ಚಿದ, ಎರಡ್ಸಲನೂ ಆರೋಯ್ತು. ಇಷ್ಟು ವರ್ಷ ಮಗಳ ಸ್ಕೂಲ್ ವ್ಯಾನಿಗೆ ಆ ರೆಕ್ಸಿನ್ ಹೊಲಿದು ಕೊಟ್ಟಿದೀನಲ್ಲ ಅಂತ ಒಂಥರಾ ಆಯ್ತು.

ಹಳೇ ಎಎಂಇ

ಬೈಯಲ್ಲ, ಆದ್ರೆ ಫೋಮ್ ಇನ್ನೊಂದ್ಸಲ ಸುಡಬೇಡಿ. ಬಯಲಲ್ಲಿ ಗಾಳಿಗೆ ಹಿಡಿದಿದ್ದು ಟೆಸ್ಟ್ ಅಲ್ಲ, ನಿಜವಾದ್ದಕ್ಕೆ ಮುಚ್ಚಿದ ಪೆಟ್ಟಿಗೆ ಬೇಕು, ಪಟ್ಟಿನ 24 ಗಂಟೆ ಒಂದೇ ಹದದ ತೇವದಲ್ಲಿ ಇಟ್ಟಿರಬೇಕು, ಲ್ಯಾಬ್‌ಗಳನ್ನ ಪರೀಕ್ಷಿಸೋ ಎನ್ಎಬಿಎಲ್ ಮಂಡಳಿ ಮಾನ್ಯತೆ ಇರೋ ಲ್ಯಾಬ್ ಆಗ್ಬೇಕು. ಉಣ್ಣೆ ಹುಟ್ಟಿಂದಲೇ ಹಂಗೆ, ತೇವ ಹಿಡಿದಿಟ್ಕೊಳ್ಳುತ್ತೆ, ಸಾರಜನಕ ಜಾಸ್ತಿ, ಸುಲಭಕ್ಕೆ ಹತ್ತಲ್ಲ. ಏರ್‌ಲೈನ್ ಸೀಟು ಬಟ್ಟೇಲಿ ಉಣ್ಣೆ ಜಾಸ್ತಿ ಇರೋದು ಅದಕ್ಕೇ. ಇನ್ನೊಂದು, ಕೆಲವು ಬಟ್ಟೆಗೆ ಮೇಲಿಂದ ಕೆಮಿಕಲ್ ಸಿಂಪಡಿಸಿರ್ತಾರೆ, ಸೋಪು ಹಾಕಿ ನಾಲ್ಕು ಸಲ ಒಗೆದ್ರೆ ಅದು ನೀರಲ್ಲೇ ಹೋಗುತ್ತೆ. ಒಗೆಯೋ ರೀತಿನೂ ಓನರಿಗೆ ಬರ್ದು ಕೊಡಿ.

ಬೆನ್ನು ನೋವು ಚಿಂತಾಮಣಿ

ಫೋಮ್ ವಿಷ್ಯ ಅರ್ಧಕ್ಕೆ ಬಿಟ್ರಿ. ಮೆತ್ತಗಿದ್ರೆ ಬೆನ್ನಿಗೆ ಒಳ್ಳೇದಲ್ವಾ? ನಾನು ಲಾರಿ ಓಡ್ಸೋನು, ಅದಕ್ಕೆ ಕೇಳ್ದೆ.

ಜಕ್ಕೂರು ಹಕ್ಕಿ

ಉಲ್ಟಾ. ವಿಮಾನ ಧೊಪ್ಪಂತ ಕೆಳಗೆ ಬಿತ್ತು ಅನ್ಕೊಳ್ಳಿ, ಸೀಟು ನೆಲದ ಜೊತೆ ನಿಂತೋಯ್ತು, ನೀವಿನ್ನೂ ಮೆತ್ತನೆ ಫೋಮಲ್ಲಿ ಕೆಳಕ್ಕೆ ಹೋಗ್ತಾ ಇದೀರ. ಫೋಮ್ ಪೂರ್ತಿ ಅಮುಕಿ ತಳ ಸಿಕ್ಕಿದಾಗ ಒಂದೇ ಏಟಿಗೆ ಬೆನ್ನುಮೂಳೆಗೆ ಬೀಳುತ್ತೆ, ಗಟ್ಟಿ ಸೀಟಲ್ಲಿ ಕೂತಿದ್ದಕ್ಕಿಂತ ಜಾಸ್ತಿ. ಅದಕ್ಕೇ ನಿಧಾನಕ್ಕೆ ಅಮುಕೋ ಫೋಮ್ ಬೇಕು. ಈಗ ಹಾಸಿಗೆ ಅಂಗಡೀಲಿ ಮೆಮೊರಿ ಫೋಮ್ ಅಂತ ಮಾರ್ತಾರಲ್ಲ, ಅದು ಹುಟ್ಟಿದ್ದೇ 1960ರ ದಶಕದಲ್ಲಿ ನಾಸಾಗೆ ವಿಮಾನದ ಸೀಟು ಕೆಲಸ ಮಾಡೋವಾಗ.

1988ರಲ್ಲಿ ಹೊಸ ಸಣ್ಣ ವಿಮಾನಕ್ಕೆ ಸೀಟನ್ನ ನಿಜವಾಗ್ಲೂ ಡಿಕ್ಕಿ ಹೊಡೆಸಿ ಪರೀಕ್ಷೆ ಮಾಡ್ಬೇಕು ಅಂತ ರೂಲ್ ಬಂತು, ಪೈಲಟ್ ಸೀಟಿಗೆ ಮುಂದಕ್ಕೆ 26 ಜಿ, ಅಂದ್ರೆ ಭೂಮಿ ಎಳೆತದ 26 ಪಟ್ಟು, ಕೆಳಕ್ಕೆ 19 ಜಿ. ಅಂಥ ಸೀಟಲ್ಲಿ ಫೋಮೂ ಸೇರಿಯೇ ಪಾಸಾಗಿರೋದು, ಅದನ್ನ ಬದಲಾಯಿಸಿದ್ರೆ ಪಾಸಾದ ಸೀಟೇ ಅಲ್ಲ ಅದು. ಸಿರಸ್ ಅನ್ನೋ ಹೊಸ ಕಾಲದ ಸಣ್ಣ ವಿಮಾನದ ಸೀಟಿನಡೀಲಿ ಅಲ್ಯೂಮಿನಿಯಂ ಜೇನುಗೂಡು ಥರ ಇರುತ್ತೆ, ಬಿದ್ದಾಗ ಅದು ನಜ್ಜುಗುಜ್ಜಾಗಿ ಏಟು ನುಂಗಲಿ ಅಂತ. ಅದನ್ನ ಗಟ್ಟಿ ತಟ್ಟೆ ಅಂತ ಯಾರಾದ್ರೂ ಕಿತ್ತು ಫೋಮ್ ತುಂಬಿದ್ರೆ ಮುಗೀತು. ಈ 1979ರ ಸೀಟಿಗೆ ಆ ಪರೀಕ್ಷೆ ಇರ್ಲಿಲ್ಲ, ಆದ್ರೂ ಮೂಲದಷ್ಟೇ ದಪ್ಪ, ಮೂಲದಷ್ಟೇ ಗಟ್ಟಿ. ಬೆನ್ನು ನೋವಿಗೆ ಸೊಂಟದ ಹತ್ರ ಆಕಾರ ಸರಿ ಮಾಡಿದ ಅಪ್ರೂವ್ಡ್ ಕುಷನ್ ಕಿಟ್ ಸಿಗುತ್ತೆ, ಅಮೆರಿಕದ ಓರೆಗಾನ್ ಏರೋ ಕಂಪನಿ ಅಂಥವ್ರು ಅದನ್ನೇ ಮಾಡೋದು.

ಗುಬ್ಬಿ ಹುಡ್ಗ

ನಮ್ಮ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಲಿ ಎಚ್ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಉದ್ಘಾಟನೆ ಆಯ್ತಲ್ಲ, 615 ಎಕರೆ, ಅವತ್ತಿಂದ ನಮ್ಮ ಸೋದರಮಾವ ಒಬ್ರು ಕುಷನ್ ಅಂಗಡಿ ಹಾಕಿದ್ರೆ ಹೆಲಿಕಾಪ್ಟರ್ ಸೀಟು ಆರ್ಡರ್ ಬರುತ್ತೆ ಅಂತ ಕೂತಿದಾರೆ. ಈ ಚರ್ಚೆ ಪೂರ್ತಿ ಓದಿ ಹೇಳ್ದೆ. ಈಗ ಟೀ ಅಂಗಡಿ ಅಂತಿದಾರೆ.

ಕುಷನ್ ಅಂಗಡಿ ಚಿಕ್ಕಬಳ್ಳಾಪುರ

ಎರಡು ತಿಂಗಳಾದ್ಮೇಲೆ ಬರ್ತಿದೀನಿ, ಕೇಳಿದೋರಿಗೆಲ್ಲ ಉತ್ತರ ಕೊಡ್ಬೇಕಿತ್ತು. ಕೆಲಸ ಮುಗೀತು.

ಓನರ್ ಸಾರ್ ಮೊದ್ಲು ಮುನಿಸ್ಕೊಂಡ್ರು, "ನಿಂಗ್ಯಾಕಪ್ಪಾ ಇದೆಲ್ಲಾ, ಹೊಲಿದು ಕೊಡು" ಅಂದ್ರು. ನಾನು ಆಗಲ್ಲ ಸಾರ್, ಎಂಜಿನಿಯರ್ ಕಡೆಯಿಂದ ಬನ್ನಿ ಅಂದೆ. ವಾರ ಬಿಟ್ಟು ಅವ್ರ ಮೇಂಟೆನೆನ್ಸ್ ಕಂಪನಿಯಿಂದ ಒಬ್ರು ಮೇಡಂ ಬಂದ್ರು, ಚಿಕ್ಕ ವಯಸ್ಸು. ಅಂಗಡಿ ಎಲ್ಲಾ ನೋಡಿದ್ರು, ದಾರದ ರೀಲು ಎತ್ತಿ ಇದರ ಕಾಗದ ಎಲ್ಲಿ, ಅಂಟಿನ ಡಬ್ಬಕ್ಕೆ ಕಾಗದ ಎಲ್ಲಿ ಅಂದ್ರು. ನಮ್ಮ ಸಾಮಾನು ಒಂದೂ ಆಗ್ಲಿಲ್ಲ. ಚರ್ಮ, ಫೋಮು, ನೈಲಾನ್ ದಾರ, ಅಂಟು ಎಲ್ಲಾ ಅವ್ರೇ ತರಿಸಿದ್ರು, ಒಂದೊಂದಕ್ಕೂ ಚೀಟಿ. ಆಮೇಲೆ ಚರ್ಮ ಫೋಮು ಅಂಟು ಮೂರೂ ಸೇರಿಸಿ ಅಂಟಿಸಿದ ತುಂಡುಗಳನ್ನ ನನ್ನ ಕೈಲೇ ಮಾಡಿಸಿ ಲ್ಯಾಬಿಗೆ ಕಳಿಸಿದ್ರು, ಬಿಡಿ ಬಿಡಿಯಾಗಿ ಪಾಸಾಗಿದ್ದು ಜೊತೇಲಿ ಫೇಲಾಗ್ಬೋದಂತೆ. ಪಾಸಾಯ್ತು.

ಮೊದ್ಲು ತಂದ ಎರಡೇ ಅಲ್ಲ, ಕೊನೆಗೆ ನಾಲ್ಕೂ ಸೀಟು ಮಾಡಿದ್ವಿ. ಡೈಮಂಡ್ ಸ್ಟಿಚ್ಚು ಬಿಟ್ವಿ, ಗೌರಿಬಿದನೂರು ಅಕ್ಕ ಹೇಳ್ದಂಗೆ ನೇರ ಸಾಲು, ಇಂಚಿಗೆ ಆರು. ಬಿಚ್ಚೋವಾಗ ಹಿಂದಿನ ಸೀಟಿನ ಸಂದೀಲಿ ಒಂದು ನಾಲ್ಕಾಣೆ ಬಿಲ್ಲೆ, ಎರಡು ಪೆನ್ನಿನ ಮುಚ್ಚಳ, ಕಡ್ಲೆಕಾಯಿ ಸಿಪ್ಪೆ ಸಿಕ್ತು. ಮೇಡಂ ಬಿಲ್ಲೆ ನೋಡಿ ನಗ್ಲಿಲ್ಲ, ಇದು ಕೆಳಗೆ ಜಾರಿ ಕಂಟ್ರೋಲ್ ಕೇಬಲ್ ಹತ್ರ ಹೋಗಿದ್ರೆ ಅಂದ್ರು ಅಷ್ಟೇ.

ಫಿಟ್ಟಿಂಗ್ ಹ್ಯಾಂಗರಲ್ಲೇ. ಕವರ್ ಬಿಗಿಯೋ ಸಿ ಕ್ಲಿಪ್ ಎಣಿಸಿ ಕೊಟ್ರು, 80. ಮುಗಿದ್ಮೇಲೆ ಹಾಕಿದ್ದು ಎಣಿಸಿದ್ರೆ 74, ಕೈಲಿ ಉಳಿದಿದ್ದು 5. ಒಂದು ಇಲ್ಲ. ನಮ್ಮ ಅಂಗಡೀಲಿ ಆದ್ರೆ ಗುಡ್ಸಿ ಆಚೆ ಹಾಕ್ತಿದ್ವಿ. ಇಲ್ಲಿ ಎಲ್ಲಾ ಕೆಲಸ ನಿಲ್ಲಿಸಿ ಮುಕ್ಕಾಲು ಗಂಟೆ ಟಾರ್ಚ್ ಹಿಡಿದು ಹುಡುಕಿದೀವಿ, ನೆಲ, ಸೀಟಿನ ಮಡಿಕೆ, ಟೂಲ್ ಡಬ್ಬ. ಕೊನೆಗೆ ಸಿಕ್ಕಿದ್ದು ನಮ್ಮ ಹುಡ್ಗನ ಮಡಚಿದ ಪ್ಯಾಂಟಿನ ತುದೀಲಿ. ಅವನ ಮುಖ ನೋಡ್ಬೇಕಿತ್ತು ನೀವು.

ಆಮೇಲೆ ತೂಕ. ಹಳೇ ಕವರ್ರು ಫೋಮು ಬಿಸಾಕ್ಬೇಡಿ ಅಂದಿದ್ರು, ಒಂದೊಂದು ಸೀಟಿಂದೂ ತೂಗಿದ್ರು. ಚರ್ಮ ಹಾಕಿದ್ಮೇಲೆ ನಾಲ್ಕು ಸೀಟು ಸೇರಿ ಮೂರೂವರೆ ಕೆಜಿ ಜಾಸ್ತಿ ಆಯ್ತು. ಮೂರೂವರೆ ಕೆಜಿ ಏನ್ ಮೇಡಂ ಒಂದು ಚೀಲ ಟೊಮ್ಯಾಟೋನೂ ಅಲ್ಲ ಅಂದೆ. ಪೂರ್ತಿ ತುಂಬಿದ್ರೂ 1,043 ಕೆಜಿ ದಾಟಂಗಿಲ್ಲ ಈ ವಿಮಾನ, ಅದರಲ್ಲಿ ನಿಮ್ಮದು ಎಲ್ಲಿ ಕೂತಿದೆ ಅನ್ನೋದೂ ಲೆಕ್ಕ, ವಿಮಾನದ ಮುಂದ್ಗಡೆ ಒಂದು ಗುರುತಿಂದ ಅಳೆದ್ರೆ ಮುಂದಿನ ಸೀಟು 37 ಇಂಚು, ಹಿಂದಿನ ಸೀಟು 73 ಇಂಚು ದೂರ ಅಂತ ತೂಕಕ್ಕೆ ಗುಣಿಸಿ ಬರ್ಕೊಂಡ್ರು. ಓನರ್ ಸಾರ್‌ಗೆ ಮೊದ್ಲೇ ಹೇಳಿದ್ರಂತೆ, ಬಟ್ಟೆ ಹಾಕ್ಸಿದ್ರೆ ಹಗುರ ಆಗ್ತಿತ್ತು ಅಂತ.

ಹಳೇ ಎಎಂಇ

ಸಂತೋಷ. ಉಳಿದ ಚರ್ಮದ ಚೂರು ಬ್ಯಾಚ್ ಚೀಟಿ ಜೊತೆ ಫೈಲಲ್ಲಿ ಇಟ್ಕೊಂಡ್ರಾ ಅವ್ರು?

ಕುಷನ್ ಅಂಗಡಿ ಚಿಕ್ಕಬಳ್ಳಾಪುರ

ಹೂಂ ಸಾರ್, ಅಂಗೈಯಷ್ಟು ಚೂರೂ ಬಿಡ್ಲಿಲ್ಲ, ಪರ್ಸ್ ಮಾಡೋಣ ಅಂತಿದ್ದೆ. ಲಾಗ್‌ಬುಕ್ಕಲ್ಲಿ ನನ್ನ ಹೆಸ್ರಿಲ್ಲ, ಮೇಡಂ ಸೈನು. ಮೊದ್ಲು ಆಗಿದ್ರೆ ಬೇಜಾರಾಗ್ತಿತ್ತೇನೋ. ಆದ್ರೆ ಸೈನ್ ಹಾಕೋ ಮುಂಚೆ ಅವ್ರು ಬೆರಳಲ್ಲಿ ಹೊಲಿಗೆ ಸಾಲು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಸವರಿಕೊಂಡು ಹೋದ್ರು, ಎಲ್ಲೂ ನಿಲ್ಲಿಸ್ಲಿಲ್ಲ.

ಮಾಲೂರು ಹೆಂಚು

ದುಡ್ಡು ಬಂತಾ ಅಣ್ಣಾ?

ಕುಷನ್ ಅಂಗಡಿ ಚಿಕ್ಕಬಳ್ಳಾಪುರ

ಮುಕ್ಕಾಲು ಬಂತು. ಉಳಿದಿದ್ದಕ್ಕೆ ಒಂದು ರೌಂಡ್ ಹಾರಿಸ್ತೀನಿ ಅಂತಿದಾರೆ, ಮನೇಲಿ ಬೇಡ ಅಂತಾರೆ, ದುಡ್ಡೇ ಕೊಡ್ಲಿ.

ಬೆನ್ನು ನೋವು ಚಿಂತಾಮಣಿ

ಅಣ್ಣಾ ನಮ್ಮ ಬೊಲೆರೊ ಸೀಟು ಕಿತ್ತೋಗಿದೆ, ರೆಕ್ಸಿನ್ ಹಾಕ್ಸಿದ್ರೆ ಎಷ್ಟಾಗುತ್ತೆ?

ಕುಷನ್ ಅಂಗಡಿ ಚಿಕ್ಕಬಳ್ಳಾಪುರ

ಗಾಡಿ ತಗೊಂಡು ಬಾ. ನಾಲ್ಕು ಥರ ರೆಕ್ಸಿನ್ ಇದೆ, ಹಿಂದ್ಗಡೆ ತಂತೀಲಿ ನೇತಾಕಿ ಒಂದೊಂದಕ್ಕೂ ಲೈಟರ್ ಹಿಡಿದು ತೋರಿಸ್ತೀನಿ, ಆಮೇಲೆ ರೇಟು ಮಾತಾಡೋಣ. ಹಳೇ ಚಪ್ಲಿ ಹಾಕ್ಕೊಂಡು ಬಾ.